ಗೊಡ್ಡು ನೊಣಗಳ ದಿಬ್ಬಣ

ಈಳಿಗೆಮಣೆಯಲ್ಲಿ ಹಾಗಲಕಾಯಿ ಸೀಳುವಾಗ ಒಳಗಿಂದ ಬಿಳಿ ಹುಳುವೊಂದು ಚಿಮ್ಮಿ ಮಡಿಲಿಗೆ ಬೀಳುವುದನ್ನು ಕಾಣದ ಅಡುಗೆಮನೆ ನಮ್ಮ ಕಡೆ ಇರಲಾರದು. ಅಕ್ಕಿಕಾಳಿನಷ್ಟು ಗಾತ್ರ. ಕಾಲಿಲ್ಲ, ಆದರೂ ನೆಗೆಯುತ್ತದೆ. ತಲೆಯನ್ನೂ ಬಾಲವನ್ನೂ ಕೂಡಿಸಿ ಬಿಲ್ಲಿನಂತೆ ಬಾಗಿ, ಪಟ್ಟನೆ ಬಿಟ್ಟುಕೊಂಡರೆ ಗೇಣು ದೂರ. ಚಿಕ್ಕವರಿದ್ದಾಗ ನಮಗದು ಆಟ, ಅಜ್ಜಿಗೆ ಹೊಟ್ಟೆಯುರಿ. ಚಪ್ಪರದಲ್ಲಿ ಹೀಚು ಕಂಡ ಕೂಡಲೇ ಹಳೇ ಪಂಚೆಯ ಚೂರೋ ಪೇಪರಿನ ಹಾಳೆಯೋ ಸುತ್ತಿ ಬಾಳೆನಾರಿನಲ್ಲಿ ಕಟ್ಟುವುದು ಅವಳ ಬೆಳಗಿನ ಕೆಲಸಗಳಲ್ಲೊಂದು. ಕಟ್ಟಲು ಮರೆತ ಕಾಯಿ ಕೆಲವೇ ದಿನಗಳಲ್ಲಿ ಒಂದು ಮಗ್ಗುಲು ಸೊಟ್ಟಗಾಗಿ, ಹಳದಿಗೆ ತಿರುಗಿ, ಅಂಟು ಒಸರುತ್ತಿತ್ತು. “ಹೊತ್ತು ಮುಳುಗೋವಾಗ್ಲೇ ಬಂದು ಮುತ್ಕೊಳ್ತವೆ ಮುಂಡೇವು” ಎಂದು ಅವಳು ಬೈಯುತ್ತಿದ್ದದ್ದು ನೆನಪಿದೆ. ಹೊತ್ತು ಮುಳುಗುವ ಆ ಮಾತಿನ ತೂಕ ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ, ಜಪಾನಿನ ಒಕಿನಾವಾ ದ್ವೀಪಗಳ ಕಥೆ ಓದಿದಾಗ.

ಆ ಹುಳು ಬಿಡುವ ಹಣ್ಣುನೊಣದ ತವರು ನಮ್ಮದೇ ಸೀಮೆ. ಹಾಗಲ, ಹೀರೆ, ಪಡವಲ, ಸೌತೆ, ಕುಂಬಳ ಹೀಗೆ ಬಳ್ಳಿ ತರಕಾರಿ ಎಲ್ಲೆಲ್ಲಿ ಹಬ್ಬುತ್ತದೋ ಅಲ್ಲೆಲ್ಲ ಅದರ ಸಂಸಾರ. ಮಾವು, ಸೀಬೆಗೆ ಬೀಳುವುದು ಅದರ ದಾಯಾದಿ, ಇನ್ನೊಂದು ಹಣ್ಣುನೊಣ. ನಮ್ಮ ರೈತರು ಎರಡಕ್ಕೂ ಇಟ್ಟಿರುವ ಹೆಸರು ಊಜಿ. ಕೋಲಾರ, ಶ್ರೀನಿವಾಸಪುರದ ಮಾವಿನ ಮಂಡಿಗಳಲ್ಲಿ “ಈ ಸಲ ಊಜಿ ಜಾಸ್ತಿ” ಎಂದರೆ ಬೆಲೆ ಇಳಿಯಿತೆಂದೇ ಅರ್ಥ. ಸೋಜಿಗವೆಂದರೆ ಈ ಪದ ಕನ್ನಡದ್ದಲ್ಲ. ಜಪಾನಿ ಭಾಷೆಯಲ್ಲಿ ‘ಉಜಿ’ ಎಂದರೆ ನೊಣದ ಮರಿಹುಳು. ರೇಷ್ಮೆಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಅದನ್ನು ಒಳಗಿಂದ ತಿನ್ನುವ ನೊಣಕ್ಕೆ ರೇಷ್ಮೆ ವಿಜ್ಞಾನಿಗಳು ಈ ಹೆಸರನ್ನು ಬಳಸುತ್ತಿದ್ದರು. 1980ರಲ್ಲಿ ಆ ಪೀಡೆ ಪಶ್ಚಿಮ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಕಾಲಿಟ್ಟಾಗ ಹೆಸರೂ ಜೊತೆಗೆ ಬಂತು. ರೇಷ್ಮೆ ಸಾಕುವವರ ಬಾಯಿಂದ ಮಾವು ಬೆಳೆಯುವವರ ಬಾಯಿಗೆ ದಾಟಿ, ಹುಳ ಬಿಡುವ ನೊಣವೆಲ್ಲ ಊಜಿಯಾಯಿತು. ಅವರ ಪದ ಇಲ್ಲಿಗೆ ಬಂತು, ನಮ್ಮ ನೊಣ ಅಲ್ಲಿಗೆ ಹೋಯಿತು.

ಹೋದದ್ದು ನೆಟ್ಟಗಲ್ಲ, ದ್ವೀಪದಿಂದ ದ್ವೀಪಕ್ಕೆ ಜಿಗಿಯುತ್ತ. ತೈವಾನಿಗೆ ತೀರ ಹತ್ತಿರದ ಯಾಯೆಯಾಮಾ ದ್ವೀಪಗಳಲ್ಲಿ ಅದು ಸಿಕ್ಕಿದ್ದು 1919ರಲ್ಲಿ. 1929ಕ್ಕೆ ಮಿಯಾಕೊ, 1970ರಲ್ಲಿ ಕುಮೆ, 1972ರಲ್ಲಿ ಒಕಿನಾವಾದ ಮುಖ್ಯ ದ್ವೀಪ. ಜಪಾನಿನ ಮುಖ್ಯ ಭೂಭಾಗದವರು ಬಾಗಿಲು ಹಾಕಿಕೊಂಡರು. ನೊಣವಿದ್ದ ದ್ವೀಪಗಳಿಂದ ಹಾಗಲಕಾಯಿ, ಕಲ್ಲಂಗಡಿ, ಮಾವು ಯಾವುದೂ ಹಡಗು ಹತ್ತುವಂತಿರಲಿಲ್ಲ. ಹಾಗಲಕಾಯಿ ಅಲ್ಲಿಯವರಿಗೆ ಬರೀ ತರಕಾರಿಯಲ್ಲ. ‘ಗೋಯಾ’ ಎಂದು ಕರೆದು, ಸೋಯಾ ಪನೀರು, ಮೊಟ್ಟೆ, ಹಂದಿಮಾಂಸದ ಜೊತೆ ಹುರಿದು ತಿನ್ನುವ ಊಟ ಅವರ ಗುರುತೇ ಆಗಿದೆ. ನಾವು ಬೆಲ್ಲ, ಹುಣಸೆಹುಳಿ ಹಾಕಿ ಗೊಜ್ಜು ಮಾಡಿ ಕಹಿಯನ್ನು ಮರೆಸುತ್ತೇವೆ, ಅವರು ಆ ಕಹಿಯನ್ನು ಇದ್ದ ಹಾಗೇ ಮೆಚ್ಚುತ್ತಾರೆ.

1972ರ ಮೇ 15ರಂದು ಒಕಿನಾವಾ ಅಮೆರಿಕದ ಆಡಳಿತದಿಂದ ಜಪಾನಿಗೆ ಮರಳಿತು. ದೇಶವೇನೋ ಒಂದಾಯಿತು, ಹಾಗಲಕಾಯಿಗೆ ಮಾತ್ರ ಗಡಿ ಹಾಗೇ ಉಳಿಯಿತು. ನೊಣವನ್ನು ಬೇರುಸಹಿತ ಕಿತ್ತುಹಾಕುವುದೆಂದು ಅದೇ ವರ್ಷ ಸರ್ಕಾರ ಪಣ ತೊಟ್ಟಿತು. ಎಣ್ಣೆ ಹೊಡೆದಲ್ಲ, ನೊಣದ ಕೈಯಿಂದಲೇ ನೊಣವನ್ನು ಮುಗಿಸುವ ದಾರಿಯಿಂದ.

ಆ ದಾರಿ ಮೊದಲು ಹೊಳೆದದ್ದು ಅಮೆರಿಕದ ಟೆಕ್ಸಾಸಿನ ಎಡ್ವರ್ಡ್ ನಿಪ್ಲಿಂಗ್ ಎಂಬ ಕೀಟವಿಜ್ಞಾನಿಗೆ, 1930ರ ದಶಕದಲ್ಲಿ. ದನದ ಗಾಯಕ್ಕೆ ಹುಳ ಬೀಳುತ್ತದಲ್ಲ, ಅಂಥದೇ ಆದರೆ ಜೀವಂತ ಮಾಂಸವನ್ನೇ ತಿನ್ನುವ ಒಂದು ನೊಣ ಅಲ್ಲಿನ ರ‍್ಯಾಂಚುಗಳನ್ನು ಹಿಂಡುತ್ತಿತ್ತು. ಅದರ ಹೆಣ್ಣು ಬದುಕಿನಲ್ಲಿ ಒಂದೇ ಸಲ ಕೂಡುತ್ತದೆ. ಆ ಒಂದು ಸಲವೂ ಮಕ್ಕಳಾಗದ ಗಂಡಿನ ಜೊತೆ ಕೂಡುವಂತೆ ಮಾಡಿದರೆ? ಕೇಳಿದವರು ನಕ್ಕಿರಬೇಕು. ಗಂಡನ್ನು ಗೊಡ್ಡಾಗಿಸುವ ಬಗೆಯೂ ಆಗ ಅವರಿಗೆ ಗೊತ್ತಿರಲಿಲ್ಲ. ಎಕ್ಸ್-ಕಿರಣ ಬಿಟ್ಟರೆ ನೊಣದ ವಂಶವಾಹಿಗಳು ಮುರಿಯುತ್ತವೆ ಎಂದು ಹರ್ಮನ್ ಮುಲ್ಲರ್ 1927ರಲ್ಲೇ ತೋರಿಸಿದ್ದರು. (ಅವರು ಸಾಕಿದ್ದು ಕೊಳೆತ ಬಾಳೆಹಣ್ಣಿಗೆ ಮುತ್ತುವ ಪುಟಾಣಿ ನೊಣ, ನಮ್ಮ ಊಜಿಯಲ್ಲ.) ಎರಡೂ ಸಂಗತಿ ಒಂದೆಡೆ ಸೇರಲು 1950 ಬರಬೇಕಾಯಿತು. ನಿಪ್ಲಿಂಗ್ ಮತ್ತು ಅವರ ಒಡನಾಡಿ ರೇಮಂಡ್ ಬುಶ್‌ಲ್ಯಾಂಡ್ 1954ರಲ್ಲಿ ಕೆರಿಬಿಯನ್ನಿನ ಕುರಸಾವ್ ದ್ವೀಪದ ಮೇಲೆ ವಿಮಾನದಿಂದ ಗೊಡ್ಡು ನೊಣಗಳನ್ನು ಸುರಿಸಿದರು. ಕೆಲವೇ ತಿಂಗಳಲ್ಲಿ ದ್ವೀಪ ಬರಿದಾಯಿತು. ಇಬ್ಬರಿಗೂ 1992ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಬಂತು.

ಇದರ ಲೆಕ್ಕ ಶಾಲೆಯ ಹುಡುಗರೂ ಮಾಡಬಹುದಾದದ್ದು. ಹತ್ತು ಲಕ್ಷ ಕಾಡುನೊಣಗಳಿವೆ, ತಲೆಮಾರಿಗೆ ಐದು ಪಟ್ಟು ಬೆಳೆಯುತ್ತವೆ ಎನ್ನೋಣ. ನಾವು ಪ್ರತಿ ತಲೆಮಾರಿಗೂ ತೊಂಬತ್ತು ಲಕ್ಷ ಗೊಡ್ಡು ನೊಣ ಬಿಡುತ್ತೇವೆ. ಹತ್ತರಲ್ಲಿ ಒಂದು ಜೋಡಿಗೆ ಮಾತ್ರ ಮಕ್ಕಳು. ಮುಂದಿನ ತಲೆಮಾರು ಐದು ಲಕ್ಷ. ಈಗ ಕಾಡುನೊಣ ಒಂದಕ್ಕೆ ಗೊಡ್ಡು ಹದಿನೆಂಟು. ಅದರ ಮುಂದಿನದು ಒಂದು ಲಕ್ಷ ಮೂವತ್ತೊಂದು ಸಾವಿರ, ಆಮೇಲೆ ಒಂಬತ್ತೂವರೆ ಸಾವಿರ, ಆಮೇಲೆ ಐವತ್ತು, ಆಮೇಲೆ ಸೊನ್ನೆ. ಕೀಟನಾಶಕದ ಲೆಕ್ಕ ಇದರ ತಿರುವುಮುರುವು. ನೊಣ ಕಡಿಮೆಯಾದಷ್ಟೂ ಉಳಿದವನ್ನು ಹುಡುಕಿ ಕೊಲ್ಲುವುದು ಕಷ್ಟ. ಕೊನೆಯ ಐವತ್ತು ಯಾವ ಪೊದೆಯಲ್ಲಿವೆಯೋ ಸ್ಪ್ರೇಯರ್ ಹೊತ್ತವನಿಗೆ ತಿಳಿಯದು. ಗೊಡ್ಡು ಗಂಡಿಗೆ ತಿಳಿಯುತ್ತದೆ, ಅದು ಹುಡುಕಿಕೊಂಡೇ ಹೋಗುತ್ತದೆ.

ಇಲ್ಲೊಂದು ಮಾತು. ‘ಬಂಜೆ’ ಎಂಬ ಪದವನ್ನು ಕನ್ನಡ ಹೆಂಗಸಿಗಷ್ಟೇ ಕಟ್ಟಿಟ್ಟಿದೆ, ಗಂಡಿಗೆ ಅಷ್ಟೇ ಚುಚ್ಚುವ ಪದ ಅದರಲ್ಲಿಲ್ಲ. ಅದಕ್ಕೇ ಕೊಟ್ಟಿಗೆಯ ಪದ ತಂದು ಗೊಡ್ಡು ಎನ್ನುತ್ತಿದ್ದೇನೆ. ವಿಜ್ಞಾನದ ಪುಸ್ತಕಗಳ ‘ಬಂಧ್ಯ ಕೀಟ’ ಯಾಕೋ ನಾಲಿಗೆಗೆ ಹತ್ತುವುದಿಲ್ಲ.

ಒಕಿನಾವಾದಲ್ಲಿ ಈ ಲೆಕ್ಕವನ್ನು ನೆಲಕ್ಕಿಳಿಸಿದವರಲ್ಲಿ ಮುಖ್ಯರು ಇತೊ ಯೊಸಿಯಾಕಿ. ಜೀವಿಪರಿಸರ ಬಲ್ಲ ವಿಜ್ಞಾನಿ, ಜೊತೆಗೆ ಜಗಮೊಂಡ. 1952ರ ಮೇ ದಿನದ ಪ್ರತಿಭಟನೆಯಲ್ಲಿ ಬಂಧಿತರಾಗಿ, ಕೆಲಸದಿಂದ ಹೊರಗುಳಿದು, ವರ್ಷಗಟ್ಟಲೆ ಕೋರ್ಟು ಅಲೆದವರು. ಇಪ್ಪತ್ತು ವರ್ಷದ ಯೋಜನೆಗೆ ಬೇಕಾದ ತಾಳ್ಮೆಯನ್ನು ಅವರು ಅಲ್ಲೇ ಕಲಿತಿದ್ದರೇನೋ. ಮೊದಲ ಪ್ರಯೋಗಕ್ಕೆ ಆರಿಸಿಕೊಂಡದ್ದು ಸುಮಾರು 60 ಚದರ ಕಿಲೋಮೀಟರಿನ ಕುಮೆ ದ್ವೀಪ. ಎಣ್ಣೆಯನ್ನು ಅವರು ಪೂರ್ತಿ ಬಿಟ್ಟಿರಲಿಲ್ಲ ಎಂಬುದನ್ನೂ ಹೇಳಬೇಕು. ಗಂಡುನೊಣವನ್ನು ಸೆಳೆಯುವ ಮೋಹಕ ವಸ್ತು ಮತ್ತು ವಿಷ ಬೆರೆಸಿದ ಆಮಿಷ ಇಟ್ಟು ಕಾಡುನೊಣಗಳ ಸಂಖ್ಯೆಯನ್ನು ಮೊದಲು ತಗ್ಗಿಸಿದರು. ಹಾಗೆ ಮಾಡದಿದ್ದರೆ ಎಷ್ಟು ಗೊಡ್ಡು ನೊಣ ಬಿಟ್ಟರೂ ಜಾತ್ರೆಯಲ್ಲಿ ನಾಲ್ಕು ಮಂದಿ ನೆಂಟರನ್ನು ಹುಡುಕಿದ ಹಾಗೆ. 1975ರ ಫೆಬ್ರವರಿಯಿಂದ ವಾರ ವಾರವೂ ಗೊಡ್ಡು ನೊಣ ಬಿಡತೊಡಗಿದರು. 1978ರಲ್ಲಿ ಕುಮೆ ನೊಣಮುಕ್ತವೆಂದು ಘೋಷಣೆಯಾಯಿತು.

ಒಂದು ಪುಟ್ಟ ದ್ವೀಪ ಮುಗಿಯಿತು. ಉಳಿದವಕ್ಕೆ ಬೇಕಾದದ್ದು ನೊಣದ ಕಾರ್ಖಾನೆ.

ನಾಹಾ ಪಟ್ಟಣದಲ್ಲಿ ಕಟ್ಟಿದ ಆ ಕಾರ್ಖಾನೆಯ ಕೆಲಸದ ರೀತಿ ಓದಿದಾಗ ನನಗೆ ಮೊದಲು ನೆನಪಾದದ್ದು ರಾಮನಗರದ ಕಡೆಯ ರೇಷ್ಮೆಹುಳು ಸಾಕುವ ಮನೆಗಳು. ಅದೇ ತಟ್ಟೆಗಳ ಅಂತಸ್ತು, ಅದೇ ಬಿಸಿ-ತೇವದ ಕಾವಲು, ಅದೇ ಹೊತ್ತುಹೊತ್ತಿನ ಮೇವು. ಪಂಜರದಲ್ಲಿ ಲಕ್ಷಗಟ್ಟಲೆ ನೊಣ. ಸಣ್ಣ ಸಣ್ಣ ತೂತುಗಳ ಪ್ಲಾಸ್ಟಿಕ್ ಡಬ್ಬಿಗೆ ಕುಂಬಳದ ರಸ ಹಚ್ಚಿ ಒಳಗಿಟ್ಟರೆ ಹೆಣ್ಣುಗಳು ಕಾಯಿಯೆಂದೇ ನಂಬಿ ತೂತಿನೊಳಕ್ಕೆ ಮೊಟ್ಟೆಯಿಡುತ್ತವೆ. ಮೊಟ್ಟೆಗಳನ್ನು ಗೋಧಿ ಬೂಸ, ಯೀಸ್ಟ್, ಸಕ್ಕರೆ ಕಲಸಿದ ಮೇವಿಗೆ ಹಾಕುತ್ತಾರೆ. ಇನ್ನು ಬಲಿತ ಹುಳುವನ್ನು ಮೇವಿನಿಂದ ಬೇರ್ಪಡಿಸಬೇಕು, ಕೋಟಿಗಟ್ಟಲೆ ಹುಳುಗಳನ್ನು ಆರಿಸುವವರು ಯಾರು? ಯಾರೂ ಬೇಕಿಲ್ಲ. ಈಳಿಗೆಮಣೆಯ ಮುಂದೆ ಅಜ್ಜಿಯ ಸಿಟ್ಟಿಗೆ ಕಾರಣವಾದ ಆ ನೆಗೆತ ಇದೆಯಲ್ಲ, ಅದೇ ಇಲ್ಲಿ ಕೂಲಿಯಾಳು. ಮಣ್ಣಿಗೆ ಬಿದ್ದು ಗೂಡುಕಟ್ಟುವ ಹೊತ್ತು ಬಂದಾಗ ಹುಳು ತಾನೇ ತಟ್ಟೆಯಿಂದ ಚಿಮ್ಮಿ ಕೆಳಗಿನ ನೀರಿಗೆ ಬೀಳುತ್ತದೆ. ಸೋಸಿಕೊಂಡರಾಯಿತು.

ಗೂಡಿನ ಹಂತದಲ್ಲಿ, ನೊಣ ಹೊರಬರಲು ಎರಡು ಮೂರು ದಿನ ಇರುವಾಗ, ಕೋಬಾಲ್ಟ್-60ರ ಗಾಮಾ ಕಿರಣಕ್ಕೆ ಒಡ್ಡುತ್ತಾರೆ. ಅಳತೆ 70 ಗ್ರೇ. ಕಿರಣ ಹೆಚ್ಚಾದರೆ ನೊಣ ಮಂಕಾಗುತ್ತದೆ, ಕಡಿಮೆಯಾದರೆ ಮಕ್ಕಳಾಗುತ್ತವೆ. ನೊಣದ ಮೈಯಲ್ಲಿ ವಿಕಿರಣ ಉಳಿಯುವುದಿಲ್ಲ, ಎಕ್ಸ್-ರೇ ತೆಗೆಸಿಕೊಂಡ ನಮ್ಮ ಮೈಯಲ್ಲಿ ಉಳಿಯದಂತೆಯೇ. ವೀರ್ಯಾಣುವಿನೊಳಗಿನ ವರ್ಣತಂತು ಮುರಿದಿರುತ್ತದೆ, ಅಷ್ಟೇ. ಅಂಥ ಗಂಡಿನೊಡನೆ ಕೂಡಿದ ಹೆಣ್ಣು ಮೊಟ್ಟೆಯಿಟ್ಟರೂ ಒಡೆಯುವುದಿಲ್ಲ. ಬಿಡುವ ಮುನ್ನ ಗೂಡುಗಳಿಗೆ ಹೊಳೆಯುವ ಬಣ್ಣದ ಪುಡಿ ಬೆರೆಸುವ ಉಪಾಯವೂ ಚೆನ್ನಾಗಿದೆ. ನೊಣ ಗೂಡಿನಿಂದ ಹೊರಬರುವಾಗ ಹಣೆಯಲ್ಲೊಂದು ಬಲೂನಿನಂಥ ಚೀಲ ಉಬ್ಬಿಸಿ ಮುಚ್ಚಳವನ್ನು ತಳ್ಳುತ್ತದೆ. ಕೆಲಸ ಮುಗಿದ ಮೇಲೆ ಚೀಲ ತಲೆಯೊಳಕ್ಕೆ ಮಡಚಿಕೊಳ್ಳುತ್ತದೆ, ಅದಕ್ಕೆ ಹತ್ತಿದ ಪುಡಿಯೂ ಒಳಗೇ ಉಳಿಯುತ್ತದೆ. ಬಲೆಗೆ ಬಿದ್ದ ನೊಣದ ತಲೆಯನ್ನು ನೇರಳಾತೀತ ಬೆಳಕಿನಲ್ಲಿ ನೋಡಿದರೆ ನಮ್ಮವನೋ ಕಾಡಿನವನೋ ತಿಳಿಯುತ್ತದೆ.

ಮೊದಲು ವಾರಕ್ಕೆ ಕೆಲವು ಕೋಟಿಯಷ್ಟಿದ್ದ ಸಂಖ್ಯೆ ಕೊನೆಕೊನೆಗೆ ಇಪ್ಪತ್ತು ಕೋಟಿ ಮುಟ್ಟಿತು. ತಣ್ಣಗೆ ಮಾಡಿ ಮರಗಟ್ಟಿಸಿದ ನೊಣಗಳನ್ನು ಹೆಲಿಕಾಪ್ಟರಿನಿಂದ ಉದುರಿಸುತ್ತಿದ್ದರು, ಬೀಳುತ್ತ ಬೀಳುತ್ತ ಬಿಸಿಯೇರಿ ರೆಕ್ಕೆ ಬಿಚ್ಚುತ್ತಿದ್ದವು.

ಸಂಖ್ಯೆಗೆ ಸೋಲುವಂತಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಮದುವೆಯೆಂದ ಮೇಲೆ ಹೆಣ್ಣಿನ ಒಪ್ಪಿಗೆಯೂ ಬೇಕಲ್ಲ. ಈ ನೊಣ ಕೂಡುವುದು ಮುಸ್ಸಂಜೆಯಲ್ಲಿ, ಬೆಳಕು ಕಂದುವ ಸ್ವಲ್ಪ ಹೊತ್ತು ಮಾತ್ರ. ಗಂಡುಗಳು ಗುಂಪುಗುಂಪಾಗಿ ಮರದ ಎಲೆಗಳನ್ನು ಹಿಡಿಯುತ್ತವೆ, ಎಲೆಗೊಂದು ಗಂಡು. ಬೇರೆಯವನು ಬಂದರೆ ಓಡಿಸುತ್ತದೆ. ರೆಕ್ಕೆ ಅದುರಿಸಿ ಸಣ್ಣ ನಾದ ಹೊರಡಿಸುತ್ತದೆ, ಗಂಧ ಬೀರುತ್ತದೆ. ಹೆಣ್ಣು ಬಂದು, ಕೇಳಿ, ಮೂಸಿ, ಬೇಕಾದವನನ್ನು ಆರಿಸುತ್ತದೆ. ಸ್ವಯಂವರ ಎನ್ನಬೇಕಾದದ್ದು ಇದನ್ನೇ.

ಕಾರ್ಖಾನೆಯೊಳಗೆ ಸ್ವಯಂವರಕ್ಕೆ ಎಡೆಯಿಲ್ಲ. ಅಲ್ಲಿ ಬೇಗ ಬೆಳೆದು ಬೇಗ ಮೊಟ್ಟೆಯಿಡುವ ನೊಣಕ್ಕೇ ಬೆಲೆ, ನಿಧಾನದವು ತಲೆಮಾರಿನಿಂದ ತಲೆಮಾರಿಗೆ ಕಳೆದುಹೋಗುತ್ತವೆ. ಹೀಗೆ ಬೇಗ ಬೆಳೆಯುವವನ್ನೇ ಆರಿಸುತ್ತ ಹೋದರೆ ನೊಣದ ಒಳಗಿನ ಗಡಿಯಾರವೇ ಓಡಲು ತೊಡಗುತ್ತದೆ, ಕೂಡುವ ಹೊತ್ತು ಹಿಂದಕ್ಕೆ ಸರಿಯುತ್ತದೆ ಎಂಬುದನ್ನು ಮಿಯಾತಾಕೆ ತಾಕಾಹಿಸಾ ಎಂಬ ವಿಜ್ಞಾನಿ ಇದೇ ನೊಣದ ಮೇಲೆ ತೋರಿಸಿದರು. ಮುಹೂರ್ತ ತಪ್ಪಿದ ದಿಬ್ಬಣ! ಗಂಡಿನ ಕಡೆಯವರು ಕುಣಿದು ಮುಗಿಸಿದ ಮೇಲೆ ಹೆಣ್ಣಿನ ಮನೆಯ ಬಾಗಿಲು ತೆರೆದರೇನು ಬಂತು? ಇಕ್ಕಟ್ಟಿನ ಪಂಜರದಲ್ಲಿ ಹುಟ್ಟಿ ಬೆಳೆದ ನೊಣದ ಹಾರಾಟವೂ ಕುಗ್ಗುತ್ತಿತ್ತು. ಸಂಖ್ಯೆಯ ಜೊತೆಗೆ ನೊಣದ ಗುಣವನ್ನೂ ಅಳೆಯಬೇಕಾಯಿತು. ಎಷ್ಟು ದೂರ ಹಾರುತ್ತದೆ, ಎಷ್ಟು ಹೊತ್ತಿಗೆ ಕೂಡುತ್ತದೆ, ಕಾಡಿನ ಗಂಡಿನೆದುರು ನಿಲ್ಲುತ್ತದೆಯೇ.

ಇನ್ನೂ ಬೆರಗಿನದು ಎಂಬತ್ತರ ದಶಕದ ಕೊನೆಗೆ ಬಯಲಾಯಿತು. ಒಕಿನಾವಾದ ಮುಖ್ಯ ದ್ವೀಪದಲ್ಲಿ ಗೊಡ್ಡು ನೊಣ ಬಿಡುತ್ತಿದ್ದಾಗ, ಅಲ್ಲಿನ ಕಾಡುಹೆಣ್ಣುಗಳು ಕಾರ್ಖಾನೆಯ ಗಂಡುಗಳನ್ನು ಒಲ್ಲೆನೆನ್ನುತ್ತಿರುವುದನ್ನು ಹಿಬಿನೊ ಮತ್ತು ಇವಾಹಾಶಿ ಎಂಬ ಸಂಶೋಧಕರು ಕಂಡರು. ಇದರಲ್ಲಿ ಪವಾಡವೇನೂ ಇಲ್ಲ. ಗೊಡ್ಡಿಗೆ ಮರುಳಾದ ಹೆಣ್ಣಿಗೆ ಸಂತಾನವಿಲ್ಲ, ಗುರುತಿಸಿ ದೂಡಿದ ಹೆಣ್ಣಿಗಷ್ಟೇ ಮಕ್ಕಳು. ಆ ಮಕ್ಕಳೂ ತಾಯಿಯಂತೆಯೇ ಚೂಟಿ. ಕೀಟನಾಶಕಕ್ಕೆ ಒಗ್ಗಿದ ಕೀಟಗಳ ಕಥೆ ನಾವೆಲ್ಲ ಕೇಳಿದ್ದೇವೆ, ವರನಿಗೇ ಒಗ್ಗದ ವಧುಗಳ ಕಥೆ ಇದು. ಆ ದ್ವೀಪದಲ್ಲಿ ನೊಣ ಕೊನೆಗೂ ಸೋತದ್ದು ಇಂಥ ಹೆಣ್ಣುಗಳು ಹೆಚ್ಚುವ ಮೊದಲೇ ಅಲೆ ಮೇಲೆ ಅಲೆಯಾಗಿ ಗಂಡುಗಳನ್ನು ಸುರಿದದ್ದರಿಂದ. ನಿಧಾನಿಸಿದ್ದರೆ ಏನಾಗುತ್ತಿತ್ತೋ.

1987ರಲ್ಲಿ ಮಿಯಾಕೊ, 1990ರಲ್ಲಿ ಒಕಿನಾವಾ, 1993ರ ಅಕ್ಟೋಬರಿನಲ್ಲಿ ಯಾಯೆಯಾಮಾ. ನೊಣ ಮೊದಲು ಬಂದಿಳಿದ ದ್ವೀಪಗಳಿಂದ ಕೊನೆಗೆ ಹೊರಟಿತು. ಉತ್ತರದ ಅಮಾಮಿ ದ್ವೀಪಗಳನ್ನೂ ಸೇರಿಸಿದರೆ ಬಿಟ್ಟ ನೊಣ ಆರು ಸಾವಿರ ಕೋಟಿಗೂ ಮೇಲೆ, ಆದ ಖರ್ಚು ಸುಮಾರು 2,000 ಕೋಟಿ ಯೆನ್. ಹಾಗಲಕಾಯಿ ಹಡಗು, ವಿಮಾನ ಹತ್ತಿತು. 1997ರಲ್ಲಿ ಮೇ 8ನ್ನು ‘ಗೋಯಾ ದಿನ’ವೆಂದೇ ಸಾರಿದರು. ಐದಕ್ಕೆ ‘ಗೋ’, ಎಂಟಕ್ಕೆ ‘ಯಾ’ ಎಂಬ ಶ್ಲೇಷೆ ಅದು. ಇವತ್ತು ಟೋಕಿಯೊದ ಅಂಗಡಿಯಲ್ಲಿ ಸಿಗುವ ಒಕಿನಾವಾದ ಹಾಗಲಕಾಯಿಯ ಹಿಂದೆ ಇಷ್ಟೆಲ್ಲ ಇದೆ.

ಎಲ್ಲ ಕಡೆಯೂ ಹೀಗೆ ಸಲೀಸಾಗಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 1980ರಲ್ಲಿ ಮೆಡಿಟರೇನಿಯನ್ ಹಣ್ಣುನೊಣ ಕಾಣಿಸಿಕೊಂಡಾಗ ಗೊಡ್ಡು ನೊಣಗಳನ್ನು ಬಿಟ್ಟರು. ಪೆರುವಿನಿಂದ ತರಿಸಿದ ಕಂತಿನಲ್ಲಿ ಗೊಡ್ಡಾಗದವೂ ಬೆರೆತಿದ್ದವೆಂಬ ಅನುಮಾನ ಎದ್ದಿತು. ಪೀಡೆ ಹರಡಿತು. ಒಲ್ಲದ ಮನಸ್ಸಿನ ಗವರ್ನರ್ ಜೆರ‍್ರಿ ಬ್ರೌನ್ 1981ರಲ್ಲಿ ಊರುಗಳ ಮೇಲೆ ಆಕಾಶದಿಂದ ಮೆಲಾಥಿಯಾನ್ ಸಿಂಪಡಿಸಲು ಒಪ್ಪಬೇಕಾಯಿತು. ಅದು ಅಪಾಯವಲ್ಲವೆಂದು ತೋರಿಸಲು ಅವರ ಅಧಿಕಾರಿ ಬಿ.ಟಿ. ಕಾಲಿನ್ಸ್ ನೀರಿಗೆ ಬೆರೆಸಿದ ಆ ಔಷಧಿಯನ್ನು ಎಲ್ಲರೆದುರು ಗಟಗಟ ಕುಡಿದುಬಿಟ್ಟರು. ಅದೇ ಮೆಡಿಟರೇನಿಯನ್ ನೊಣಕ್ಕೆ ಈಗ ಬೇರೊಂದು ತಳಿಯಿದೆ. ಮೊಟ್ಟೆಗಳನ್ನು ಒಂದಿಷ್ಟು ಬಿಸಿಯಲ್ಲಿಟ್ಟರೆ ಹೆಣ್ಣು ಮೊಟ್ಟೆಗಳೆಲ್ಲ ಸತ್ತು ಗಂಡುಗಳಷ್ಟೇ ಉಳಿಯುತ್ತವೆ. ಗ್ವಾಟೆಮಾಲ, ಮೆಕ್ಸಿಕೊದ ಕಾರ್ಖಾನೆಗಳಿಂದ ಹೊರಡುವುದು ಬರೀ ಗಂಡು ದಿಬ್ಬಣ. ಡೊಮಿನಿಕನ್ ಗಣರಾಜ್ಯದಲ್ಲಿ 2015ರಲ್ಲಿ ಬಂದಿಳಿದ ನೊಣವನ್ನು 2017ರೊಳಗೆ ಓಡಿಸಿದ್ದು ಇಂಥ ಗಂಡುಗಳನ್ನು ಬಿಟ್ಟೇ.

ಇನ್ನು ನಮ್ಮ ಅಂಗಳ. 2014ರ ಮೇ ತಿಂಗಳಿಂದ ಐರೋಪ್ಯ ಒಕ್ಕೂಟ ಭಾರತದ ಮಾವಿಗೆ ಬಾಗಿಲು ಹಾಕಿತು. ಪಟ್ಟಿಯಲ್ಲಿ ಬದನೆ, ಪಡವಲ, ಕೆಸುವಿನ ಜೊತೆ ಹಾಗಲಕಾಯಿಯೂ ಇತ್ತು. ಹುಳ, ನೊಣ ಸಿಕ್ಕಿತೆಂಬುದೇ ಕಾರಣ. ಮಾವಿನ ನಿಷೇಧ 2015ರ ಆರಂಭದಲ್ಲಿ ತೆರವಾಯಿತು. ಈಗ ಅಲ್ಲಿಗೆ ಹೋಗುವ ಮಾವು 48 ಡಿಗ್ರಿಯ ಬಿಸಿನೀರಿನಲ್ಲಿ ಒಂದು ಗಂಟೆ ಮುಳುಗಿ ಎದ್ದು ಹೋಗುತ್ತದೆ. ತೋಟದಲ್ಲಿ ನಮಗಿರುವ ಆಯುಧ ಮೋಹಕ ಬಲೆ. ಮಿಥೈಲ್ ಯೂಜಿನಾಲ್ ಮತ್ತು ಕೀಟನಾಶಕದಲ್ಲಿ ನೆನೆಸಿದ ಪ್ಲೈವುಡ್ ತುಂಡನ್ನು ಪ್ಲಾಸ್ಟಿಕ್ ಬಾಟಲಿಯೊಳಗಿಟ್ಟು ಕೊಂಬೆಗೆ ತೂಗುಹಾಕುವುದು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇದನ್ನು ರೈತರ ನಡುವೆ ಹರಡಿತು. ತುಳಸಿಯಲ್ಲೂ ಇರುವ ವಸ್ತು ಅದು. ಅದರ ವಾಸನೆಗೆ ಮಾವಿನ ಗಂಡುನೊಣ ಸಾವಿನ ಪರಿವೆಯಿಲ್ಲದೆ ನುಗ್ಗುತ್ತದೆ. ಜಪಾನೀಯರು ಈ ದಾಯಾದಿ ನೊಣವನ್ನು ಬಹುಪಾಲು ಹೀಗೆ ಗಂಡುಗಳನ್ನು ಸೆಳೆದು ಮುಗಿಸಿಯೇ 1986ರ ಹೊತ್ತಿಗೆ ತಮ್ಮ ದೇಶದಿಂದ ಅಳಿಸಿದರು.

ಹಾಗಾದರೆ ಅಲ್ಲಿ ಆದದ್ದು ಇಲ್ಲೇಕೆ ಆಗದು? ಶ್ರೀನಿವಾಸಪುರದ ಬಳಿಯ ಮಾವಿನ ಬೆಳೆಗಾರರೊಬ್ಬರು ಇದಕ್ಕೆ ಒಂದೇ ಸಾಲಿನಲ್ಲಿ ಉತ್ತರ ಹೇಳಿದರು: “ನಾನು ಎಕರೆಗೆ ಎಂಟು ಬಾಟ್ಲಿ ಕಟ್ಟಿದ್ದೀನಿ ಸಾರ್, ಪಕ್ಕದ ತೋಟದೋರು ಬೆಂಗ್ಳೂರಲ್ಲವ್ರೆ.” ನೊಣಕ್ಕೆ ಬೇಲಿಯಿಲ್ಲ, ಪಹಣಿಯೂ ಇಲ್ಲ. ಒಕಿನಾವಾದಲ್ಲಿ ಒಂದೊಂದು ದ್ವೀಪಕ್ಕೂ ಸುತ್ತ ಸಮುದ್ರದ ಕಂದಕವಿತ್ತು, ಒಳಗೆ ಒಂದೂ ತೋಟ ಬಿಡದೆ ಒಂದೇ ಯೋಜನೆ ನಡೆಯಿತು. ನಮ್ಮದು ಆ ನೊಣದ ತವರುಮನೆ. ಮಾವು ಮುಗಿದರೆ ಸೀಬೆ, ಸೀಬೆ ಮುಗಿದರೆ ಕಾಡಿನ ಹಣ್ಣು. ಒಂದು ತಾಲ್ಲೂಕಿನಲ್ಲಿ ಬರಿದು ಮಾಡಿದರೆ ಪಕ್ಕದ ತಾಲ್ಲೂಕಿನಿಂದ ವಾರದಲ್ಲಿ ತುಂಬಿಕೊಳ್ಳುತ್ತದೆ. ನನ್ನ ಮಟ್ಟಿಗೆ ಹೇಳುವುದಾದರೆ, ಇಲ್ಲಿ ಗೊಡ್ಡು ನೊಣದ ಕಾರ್ಖಾನೆ ಕಟ್ಟುವ ಮೊದಲು ಆಗಬೇಕಾದದ್ದು ಒಂದು ಊರಿನ ತೋಟದವರೆಲ್ಲ ಒಂದೇ ವಾರದಲ್ಲಿ ಬಾಟಲಿ ಕಟ್ಟುವುದು, ಉದುರಿದ ಹಣ್ಣನ್ನು ಬಿಟ್ಟಲ್ಲೇ ಬಿಡದೆ ಆರಿಸಿ ಆಳವಾಗಿ ಹೂಳುವುದು. ಕಾಸು ಹೆಚ್ಚು ಬೇಡ. ಅದಕ್ಕೇ ಇರಬೇಕು, ಆಗುತ್ತಿಲ್ಲ.

ತವರಿನಿಂದ ಹೊರಟವಂತೂ ನಿಂತಿಲ್ಲ. ಮಾವಿನ ನೊಣ 2003ರಲ್ಲಿ ಕೀನ್ಯಾದಲ್ಲಿ ಸಿಕ್ಕಿತು, ಕೆಲವೇ ವರ್ಷಗಳಲ್ಲಿ ಆಫ್ರಿಕದ ಉದ್ದಗಲಕ್ಕೆ ಹಬ್ಬಿತು. ಹೊಸ ಜಾತಿಯೆಂದು ಅದಕ್ಕೆ ‘ದಾಳಿಕೋರ’ ಎಂಬರ್ಥದ ಹೆಸರನ್ನೂ ಇಟ್ಟಿದ್ದರು, ಆಮೇಲೆ ನೋಡಿದರೆ ನಮ್ಮ ಹಳೇ ಪರಿಚಯದ್ದೇ.

ಒಕಿನಾವಾದವರೂ ಕೈಕಟ್ಟಿ ಕೂತಿಲ್ಲ. ಗೆದ್ದು ಮೂವತ್ತು ವರ್ಷ ದಾಟಿದರೂ ನಾಹಾದ ಕಾರ್ಖಾನೆ ನಡೆಯುತ್ತಲೇ ಇದೆ. ದಕ್ಷಿಣದಿಂದ ಗಾಳಿಯಲ್ಲಿ ತೇಲಿ ಬರುವ ನೊಣವೊಂದಿದ್ದರೆ ಅದಕ್ಕೆ ಜೋಡಿ ಸಿದ್ಧವಿರಲೆಂದು, ಇಲ್ಲದ ಶತ್ರುವಿಗಾಗಿ, ಗೊಡ್ಡು ನೊಣಗಳನ್ನು ಈಗಲೂ ಬಿಡುತ್ತಾರೆ. ಆದರೆ ಬಂದದ್ದು ಬೇರೆಯದು. ಬಳ್ಳಿ ತರಕಾರಿಗೇ ಬೀಳುವ, ನಮ್ಮಲ್ಲೂ ಇರುವ ಇನ್ನೊಂದು ಜಾತಿಯ ಹಣ್ಣುನೊಣ 2024ರಲ್ಲಿ ಮುಖ್ಯ ದ್ವೀಪದ ಉತ್ತರ ಭಾಗದಲ್ಲಿ ಸಿಕ್ಕಿತು. ಕಾರ್ಖಾನೆಯ ಹಳೇ ಗಂಡುಗಳು ಇದಕ್ಕೆ ಆಗಿಬರುವುದಿಲ್ಲ, ಜಾತಿ ಬೇರೆ. ಹೊಸ ನೊಣವನ್ನು ಹಿಡಿದು, ಅದಕ್ಕೊಪ್ಪುವ ಮೇವು ಹುಡುಕಿ, ಸಾಕಿ, ಗೊಡ್ಡಾಗಿಸುವ ಕೆಲಸ ಮತ್ತೆ ಮೊದಲಿನಿಂದ. 2025ರ ಏಪ್ರಿಲ್‌ನಿಂದ ತುರ್ತು ನಿಯಂತ್ರಣ ಜಾರಿಗೆ ಬಂತು. ಮನೆಯ ಹಿತ್ತಿಲಲ್ಲಿ ಸದ್ಯಕ್ಕೆ ಹಾಗಲ, ಸೌತೆ, ಹೀರೆಯ ಬಳ್ಳಿ ಹಬ್ಬಿಸಬೇಡಿ ಎಂದು ಅಲ್ಲಿನ ಆಡಳಿತ ಜನರನ್ನು ಕೇಳಿಕೊಂಡಿದೆ. ಚಪ್ಪರಗಳು ಖಾಲಿ ನಿಂತಿವೆ.